ಗೋಡೆಯ ಮೇಲೊಂದು ಊರು

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ತೀರ್ಥಹಳ್ಳಿಯಿಂದ ನಮ್ಮತ್ತೆ ಬಂದಿದ್ದರು. ಊಟದ ಮೇಜಿನ ಪಕ್ಕದ ಗೋಡೆಗೆ ನಾವು ಹೊಸದಾಗಿ ಹಾಕಿದ್ದ ಚಿತ್ರವನ್ನು ಮೊದಲ ದಿನ ಅವರು ಗಮನಿಸಿದಂತೆ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಅದರ ಮುಂದೆ ನಿಂತವರು ನನ್ನನ್ನು ಕೂಗಿ ಕರೆದರು. "ಬಾರೇ ಇಲ್ಲಿ. ಇಲ್ಲೊಂದು ಮಗು ಬಿದ್ದುಬಿಟ್ಟಿದೆ ಮಾರಾಯ್ತಿ. ಪಾಪ, ಆ ತಾಯಿ ಹೆಂಗೆ ಓಡಿ ಬರ್ತಿದಾಳೆ ನೋಡು!"

ನಾನು ಆ ಚಿತ್ರವನ್ನು ತಿಂಗಳುಗಟ್ಟಲೆ ನೋಡಿದ್ದೆ. ಕಾಲುವೆ, ಚರ್ಚು, ಗೋಪುರ, ಆಕಾಶ ಎಲ್ಲ ಬಾಯಿಪಾಠವಾಗಿತ್ತು. ಎಡಮೂಲೆಯಲ್ಲಿ ಬಿದ್ದ ಮಗುವನ್ನು ಮಾತ್ರ ನೋಡಿರಲಿಲ್ಲ. ಅತ್ತೆ ಬೆರಳಿಟ್ಟು ತೋರಿಸಿದ ಮೇಲೆ ಒಂದೊಂದೇ ಕಾಣತೊಡಗಿತು. ಕಿಟಕಿಯ ಅಂಚಿನಲ್ಲಿ ಹುಂಜ ಕೂತಿದೆ. ಮೇಲಿನ ಬಾಲ್ಕನಿಯಲ್ಲೊಬ್ಬಳು ನೂಲು ತೆಗೆಯುತ್ತಿದ್ದಾಳೆ. ಬಾವಿಯಿಂದ ನೀರು ಸೇದುವವಳಿದ್ದಾಳೆ. ಬಟ್ಟೆ ಒಣಗಲು ಹಾಕಿದ್ದಾರೆ. ನಡುವೆ ಬಿಳಿಗಲ್ಲಿನ ದಿಮ್ಮಿಗಳ ಮುಂದೆ ಕೂತು ಉಳಿ ಹೊಡೆಯುವ ಕಲ್ಲುಕುಟಿಗರು. ಬಿದ್ದ ಮಗು ಗಾಬರಿಗೆ ಉಚ್ಚೆ ಹೊಯ್ದುಕೊಂಡಿರುವುದನ್ನೂ ಅತ್ತೆಯೇ ಕಂಡುಹಿಡಿದರು.

ಚಿತ್ರ ವೆನಿಸ್ ನಗರದ್ದು. ಬರೆದವನು ಕ್ಯಾನಲೆಟ್ಟೊ ಎಂದೇ ಹೆಸರಾದ ಜೊವಾನಿ ಆಂಟೋನಿಯೊ ಕನಾಲ್. 1725ರ ಆಸುಪಾಸಿನ ಈ ಚಿತ್ರದ ಮೂಲ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇಂಗ್ಲಿಷಿನಲ್ಲಿ ಅದಕ್ಕಿರುವ ಹೆಸರನ್ನು ಕನ್ನಡಕ್ಕೆ ತಂದರೆ 'ಕಲ್ಲುಕುಟಿಗರ ಅಂಗಳ' ಎಂದಾಗುತ್ತದೆ. ಸಾನ್ ವಿದಾಲ್ ಎಂಬ ಚರ್ಚಿನ ಕೆಲಸ ನಡೆಯುತ್ತಿದ್ದಾಗ ಅದರ ಪಕ್ಕದ ಬಯಲೇ ಕಲ್ಲು ಕೆತ್ತುವ ಜಾಗವಾಗಿತ್ತು. ಕಾಲುವೆಯ ಆಚೆ ದಡದಲ್ಲಿ ನೆಟ್ಟಗೆ ನಿಂತಿರುವ ಗಂಟೆಗೋಪುರ 1744ರಲ್ಲಿ ಕುಸಿದುಬಿತ್ತು. ಅದರ ಪಕ್ಕದ ಚರ್ಚು ಈಗ ಅಕಾಡೆಮಿಯಾ ಚಿತ್ರಶಾಲೆಯ ಭಾಗ. ಅಂದು ದೋಣಿಯಲ್ಲಿ ದಾಟಬೇಕಿದ್ದ ಕಡೆ ಇಂದು ಮರದ ಸೇತುವೆ ಇದೆ. ನಮ್ಮನೆಯದು ತಮ್ಮ ಲಂಡನ್ನಿನಿಂದ ಕೊಳವೆಯೊಳಗೆ ಸುರುಳಿ ಸುತ್ತಿ ತಂದುಕೊಟ್ಟ ಮುದ್ರಿತ ಪ್ರತಿ.

ಅಂದಿನಿಂದ ನನಗೆ ಹಳೆಯ ನಗರಚಿತ್ರಗಳ ಹುಚ್ಚು ಹಿಡಿದಿದೆ. ಬಂಧುಗಳ, ಸ್ನೇಹಿತರ ಮನೆಗಳಿಗೆ ಹೋದಾಗ ಗೋಡೆ ನೋಡುವುದು ರೂಢಿಯಾಗಿದೆ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಸೋಫಾದ ಮೇಲ್ಗಡೆಯ ಗೋಡೆಗೆ ಏನಾದರೂ ಬೇಕೇ ಬೇಕು. ಅನೇಕರು ಅಂಗಡಿಯಿಂದ ತರುವುದು ಮಳೆಯಲ್ಲಿ ನೆನೆದ ಯಾವುದೋ ಬೀದಿ, ಕೆಂಪು ಕೊಡೆ, ಹಿಂದೆ ಮಸುಕಾದ ಐಫೆಲ್ ಗೋಪುರ. ಸೋಫಾದ ಬಣ್ಣಕ್ಕೆ ಹೊಂದುತ್ತದೆ ಅನ್ನುವುದಷ್ಟೇ ಅದನ್ನು ಆರಿಸಲು ಕಾರಣ. ನನಗೆ ಅದು ನಷ್ಟ ಅನಿಸುತ್ತದೆ. ಅದೇ ಗೋಡೆ, ಅದೇ ದುಡ್ಡು. ಆದರೆ ಆ ಬೀದಿಯಲ್ಲಿ ಬಿದ್ದ ಮಗುವಿಲ್ಲ, ಓಡಿಬರುವ ತಾಯಿಯಿಲ್ಲ. ಒಮ್ಮೆ ನೋಡಿದರೆ ಮುಗಿಯಿತು.

ಹಾಗೆಂದು ಮೂಲಚಿತ್ರವನ್ನೇ ಕೊಳ್ಳಬೇಕೆಂದು ಯಾರೂ ಹೇಳುವಂತಿಲ್ಲ. 'ನಕಲು ಪ್ರತಿ ತಾನೇ' ಎಂಬ ಹಿಂಜರಿಕೆ ಕೆಲವರಿಗಿರುತ್ತದೆ. ನಗರಚಿತ್ರಗಳ ಮಟ್ಟಿಗೆ ಅದು ಬೇಡವೇ ಬೇಡ. ಈ ಪ್ರಕಾರ ಬೆಳೆದದ್ದೇ ಪ್ರತಿಗಳ ಮೂಲಕ. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರ ಮಕ್ಕಳು ಯುರೋಪ್ ಪ್ರವಾಸ ಹೊರಟರೆ ವೆನಿಸ್ ನೋಡದೆ ಹಿಂದಿರುಗುತ್ತಿರಲಿಲ್ಲ. ಊರಿಗೆ ಒಯ್ಯಲು ಅವರಿಗೆ ನೆನಪಿನ ಕಾಣಿಕೆ ಬೇಕಿತ್ತು. ಕ್ಯಾನಲೆಟ್ಟೊ ಅವರಿಗಾಗಿಯೇ ಬರೆದ. ಬೆಡ್‌ಫರ್ಡಿನ ಡ್ಯೂಕ್ 24 ಚಿತ್ರಗಳನ್ನು ಬರೆಸಿಕೊಂಡ. ಅವು ವೋಬರ್ನ್ ಆ್ಯಬಿ ಎಂಬ ಅವನ ಮನೆತನದ ಬಂಗಲೆಯ ಗೋಡೆ ತುಂಬಿದವು. ವೆನಿಸ್ಸಿನಲ್ಲಿದ್ದ ಜೋಸೆಫ್ ಸ್ಮಿತ್ ಎಂಬ ಇಂಗ್ಲಿಷ್ ವರ್ತಕ ಈ ವ್ಯವಹಾರಗಳಿಗೆ ಮಧ್ಯಸ್ಥಗಾರನಾಗಿದ್ದ. ಚಿತ್ರ ಕೊಳ್ಳಲಾಗದವರಿಗೂ ವೆನಿಸ್ ಮುಟ್ಟಲೆಂದು 1735ರಲ್ಲಿ ಕ್ಯಾನಲೆಟ್ಟೊನ 14 ಚಿತ್ರಗಳನ್ನು ವಿಸೆಂಟಿನಿ ಎಂಬಾತ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿಸಿದ. ಕಲಾವಿದ ಬದುಕಿರುವಾಗಲೇ ಅವನ ಊರು ಕಾಗದದ ಮೇಲೆ ಮನೆಮನೆಗೆ ಹೊರಟಿತ್ತು.

ಅದಕ್ಕೂ ಮುಂಚೆ ಡಚ್ಚರು. ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿ ವರ್ಮೀರನ 'ಚಿತ್ರಕಲೆ' ಎಂಬ ಹೆಸರಿನ ಚಿತ್ರವಿದೆ. ಕಲಾವಿದ ನಮಗೆ ಬೆನ್ನು ಹಾಕಿ ಕೂತು ಬರೆಯುತ್ತಿದ್ದಾನೆ. ಎದುರಿನ ಗೋಡೆಯ ಮೇಲೆ ದೊಡ್ಡದೊಂದು ಭೂಪಟ ತೂಗುತ್ತಿದೆ. ಆ ಭೂಪಟದ ಎರಡೂ ಅಂಚಿನಲ್ಲಿ ಸಾಲಾಗಿ ಪುಟ್ಟ ಪುಟ್ಟ ನಗರಚಿತ್ರಗಳಿವೆ, ಒಟ್ಟು 20. ಅಚ್ಚಾದ ಊರುಗಳನ್ನು ಗೋಡೆಗೆ ಹಾಕುವುದು ಅವರಲ್ಲಿ ಎಷ್ಟು ಸಹಜವಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಅದೇ ವರ್ಮೀರ್ ತನ್ನ ಹುಟ್ಟೂರು ಡೆಲ್ಫ್ಟ್ ಅನ್ನು 1660ರ ಸುಮಾರಿಗೆ ಬರೆದ. ಮುಂದಿನ ಸಾಲಿನ ಮನೆಗಳ ಮೇಲೆ ಮೋಡದ ನೆರಳು, ಹಿಂದೆ ಚರ್ಚಿನ ಗೋಪುರಕ್ಕೆ ಮಾತ್ರ ಬಿಸಿಲು. ಆರೇಳು ವರ್ಷ ಹಿಂದೆ, 1654ರಲ್ಲಿ, ಅಲ್ಲಿನ ಮದ್ದಿನ ಮನೆ ಸಿಡಿದು ಊರಿನ ಒಂದು ಭಾಗವೇ ನೆಲಸಮವಾಗಿತ್ತು. ಆ ಗಾಯದ ಗುರುತು ಚಿತ್ರದಲ್ಲಿಲ್ಲ. ಊರು ನಿಶ್ಚಿಂತೆಯಾಗಿ ನೀರಿನಲ್ಲಿ ತನ್ನ ನೆರಳು ನೋಡಿಕೊಳ್ಳುತ್ತಿದೆ.

ಊರಿನ ಚಿತ್ರ ಬರೀ ಅಲಂಕಾರಕ್ಕಲ್ಲ ಎಂಬ ನನ್ನ ಮಾತಿಗೆ ಬಲ ಕೊಡುವುದು ವಾರ್ಸಾ ನಗರದ ಕಥೆ. ಕ್ಯಾನಲೆಟ್ಟೊನ ಸೋದರಳಿಯ ಬರ್ನಾರ್ಡೊ ಬೆಲೊಟ್ಟೊ. ಅವನೂ ಮಾವನ ಹೆಸರಿನಲ್ಲೇ ಸಹಿ ಮಾಡುತ್ತಿದ್ದ, ಅದೇ ಕಸುಬು. 1767ರಲ್ಲಿ ಪೋಲೆಂಡಿಗೆ ಹೋದವನು ರಾಜ ಸ್ಟಾನಿಸ್ವಾಫ್ ಆಗುಸ್ಟನ ಆಶ್ರಯದಲ್ಲಿ 1780ರಲ್ಲಿ ಸಾಯುವವರೆಗೂ ಅಲ್ಲೇ ಉಳಿದ. ರಾಜನಿಗೆ ತನ್ನ ಅರಮನೆಯ ಒಂದು ಕೋಣೆಯನ್ನು ತನ್ನದೇ ರಾಜಧಾನಿಯ ಚಿತ್ರಗಳಿಂದ ಸಿಂಗರಿಸಬೇಕಿತ್ತು. ವಾರ್ಸಾದ ಬೀದಿಗಳ 22 ಚಿತ್ರಗಳು ಅಲ್ಲಿ ನೆಲೆ ಕಂಡವು. ಯಾವ ಮನೆಗೆ ಎಷ್ಟು ಕಿಟಕಿ, ಯಾವ ಬಾಗಿಲಿಗೆ ಎಂಥ ಕಮಾನು, ಯಾವ ಗೋಡೆಯ ಗಾರೆ ಕಿತ್ತುಬಂದಿದೆ, ಅಷ್ಟೂ ಬೆಲೊಟ್ಟೊ ಬರೆದ.

1944ರಲ್ಲಿ ವಾರ್ಸಾದ ಜನ ನಾಜಿಗಳ ವಿರುದ್ಧ ದಂಗೆಯೆದ್ದರು. ದಂಗೆ ಅಡಗಿಸಿದ ಮೇಲೆ ನಾಜಿಗಳು ಆ ಊರನ್ನು ಬೀದಿ ಬೀದಿಯಾಗಿ ಸುಟ್ಟರು, ಸಿಡಿಮದ್ದಿಟ್ಟು ಉರುಳಿಸಿದರು. ಅರಮನೆಯೂ ಉಳಿಯಲಿಲ್ಲ. ಆದರೆ ನಾಜಿಗಳು ಲೂಟಿ ಮಾಡಿ ಒಯ್ದಿದ್ದ ಬೆಲೊಟ್ಟೊ ಚಿತ್ರಗಳು ಯುದ್ಧದ ನಂತರ ಮರಳಿ ಬಂದವು. ಹಳೆಯ ಪಟ್ಟಣವನ್ನು ಮತ್ತೆ ಕಟ್ಟಲು ಕೂತ ವಾಸ್ತುಶಿಲ್ಪಿಗಳು ಯುದ್ಧಕ್ಕೆ ಮುಂಚಿನ ಅಳತೆ ನಕ್ಷೆಗಳ ಜೊತೆಗೆ ಈ ಚಿತ್ರಗಳನ್ನೂ ಮುಂದಿಟ್ಟುಕೊಂಡರು. ಬೆಲೊಟ್ಟೊ ಅಲ್ಲಲ್ಲಿ ಕಟ್ಟಡಗಳನ್ನು ಇದ್ದುದಕ್ಕಿಂತ ಚೆಂದ ಮಾಡಿದ್ದ. ಆ ಚೆಂದವೂ ಕೆಲವು ಕಡೆ ಹೊಸ ಗೋಡೆಗೆ ಬಂತು. ಹಾಗೆ ಎದ್ದು ನಿಂತ ಹಳೆಯ ವಾರ್ಸಾವನ್ನು 1980ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರಾಜನೊಬ್ಬ ಕೋಣೆಯ ಅಂದಕ್ಕೆಂದು ಬರೆಸಿದ ಚಿತ್ರಗಳು ಊರಿಗೆ ಊರನ್ನೇ ವಾಪಸ್ಸು ಕೊಟ್ಟವು. ಬೆಲೊಟ್ಟೊನ ಚಿತ್ರದ ಪ್ರತಿ ಕಂಡಾಗಲೆಲ್ಲ ನನಗೆ ಆ ಕಿಟಕಿಗಳನ್ನು ಎಣಿಸಬೇಕೆನಿಸುತ್ತದೆ.

ವೆನಿಸ್ಸಿನಲ್ಲೂ ಇಂಥದೇ ಒಂದು ಕೆಲಸ ನಡೆದಿದೆ. ಕಾಲುವೆಯ ಮನೆಗಳ ಬುಡದಲ್ಲಿ ಭರತದ ನೀರು ಮುಟ್ಟುವ ಎತ್ತರಕ್ಕೆ ಪಾಚಿಯ ಹಸಿರು ಗೆರೆ ಇರುತ್ತದೆ. ಕ್ಯಾನಲೆಟ್ಟೊ, ಬೆಲೊಟ್ಟೊ ಇಬ್ಬರೂ ಅದನ್ನು ಶ್ರದ್ಧೆಯಿಂದ ಬರೆದಿದ್ದಾರೆ. ಇಟಲಿಯ ವಿಜ್ಞಾನಿಗಳು ಚಿತ್ರದ ಗೆರೆಯನ್ನು ಅದೇ ಮನೆಗಳ ಇಂದಿನ ಗೆರೆಯೊಂದಿಗೆ ಹೋಲಿಸಿ, ಅಂದಿನಿಂದ ನೀರು ಸುಮಾರು 60 ಸೆಂಟಿಮೀಟರ್ ಮೇಲೆ ಬಂದಿದೆ ಎಂದು ಲೆಕ್ಕ ಹಾಕಿದರು. ಅತ್ತೆಗೆ ಇದನ್ನು ಹೇಳಿದಾಗ ಅವರು ತುಂಗಾ ನದಿಯ ರಾಮಮಂಟಪದ ಮಾತೆತ್ತಿದರು. ನೀರು ಎಲ್ಲಿವರೆಗೆ ಬಂತು ಎಂದು ಮಂಟಪ ನೋಡಿ ಹೇಳುವುದು ಅವರ ಊರಿನವರಿಗೆ ವಾಡಿಕೆ.

ಇನ್ನು ನಮ್ಮ ಊರುಗಳು. ಬೆಂಗಳೂರಿನ ಮನೆಯೊಂದಕ್ಕೆ ವೆನಿಸ್ ಯಾಕೆ, ಬೆಂಗಳೂರಿನದೇ ಹಳೆಯ ಚಿತ್ರ ಇಲ್ಲವೇ ಎಂದು ಕೇಳಿದರೆ, ಇವೆ. ಹೆಚ್ಚಿನವು 1790ರ ದಶಕದವು. ಟಿಪ್ಪುವಿನ ಮೇಲೆ ಕಾರ್ನ್‌ವಾಲಿಸ್ ನಡೆಸಿದ ಮೂರನೇ ಮೈಸೂರು ಯುದ್ಧದಲ್ಲಿ ಸೇನೆಯ ಜೊತೆ ಬಂದವರು ಬರೆದವು. ಜೇಮ್ಸ್ ಹಂಟರ್ ಫಿರಂಗಿ ಪಡೆಯ ಲೆಫ್ಟಿನೆಂಟ್. ಬೆಂಗಳೂರಿನ ಕೋಟೆ, ಬೀದಿ, ಅರಮನೆಗಳನ್ನು, ಮೈಸೂರು ಸೀಮೆಯ ದುರ್ಗಗಳನ್ನು ಬರೆದು 1792ರಲ್ಲಿ ತೀರಿಕೊಂಡ. ಅವನ 40 ಚಿತ್ರಗಳನ್ನು ಲಂಡನ್ನಿನ ಎಡ್ವರ್ಡ್ ಓರ್ಮ್ 1805ರ ಹೊತ್ತಿಗೆ ಪುಸ್ತಕವಾಗಿ ಹೊರತಂದ. ರಾಬರ್ಟ್ ಹೋಮ್ ವೃತ್ತಿಯಿಂದಲೇ ಚಿತ್ರಕಾರ. ಮೈಸೂರು ಸೀಮೆಯ ದೃಶ್ಯಗಳ ಅವನ ಪುಸ್ತಕ 1794ರಲ್ಲಿ ಬಂತು. ಕೋಲ್‌ಬ್ರೂಕ್ ಸರ್ವೆ ಮಾಡುತ್ತಿದ್ದವನು. ಅವನ ಹನ್ನೆರಡು ಚಿತ್ರಗಳೂ ಅದೇ ಸುಮಾರಿಗೆ ಅಚ್ಚಾದವು.

ಹಂಟರನ ಚಿತ್ರಗಳು ಅಕ್ವಟಿಂಟ್ ಎಂಬ ಬಗೆಯವು. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ ಕಾಯಿಸುತ್ತಾರೆ. ಆಮ್ಲದಲ್ಲಿ ಅದ್ದಿದಾಗ ಪುಡಿಯ ಕಣಗಳ ನಡುವೆ ಮಾತ್ರ ತಗಡು ಕೊರೆದುಕೊಳ್ಳುತ್ತದೆ. ಹೆಚ್ಚು ಹೊತ್ತು ಅದ್ದಿದ ಕಡೆ ಗಾಢ ನೆರಳು, ಬೇಗ ತೆಗೆದ ಕಡೆ ತೆಳು ಮಬ್ಬು. ಹಾಗೆ ಅಚ್ಚಾದ ಹಾಳೆಗೆ ಆಮೇಲೆ ಕೂತು ಕೈಯಿಂದ ನೀರುಬಣ್ಣ ಹಚ್ಚುತ್ತಿದ್ದರು. ಆದ್ದರಿಂದ ಒಂದು ಪ್ರತಿಯ ಆಕಾಶ ಇನ್ನೊಂದರಂತಿರುವುದಿಲ್ಲ. ಕಂಪ್ಯೂಟರಿನಲ್ಲಿ ಒಂದೇ ಚಿತ್ರ ಎರಡು ಬಣ್ಣದಲ್ಲಿ ಕಂಡರೆ ಗಾಬರಿ ಬೇಡ, ಎರಡೂ ಸರಿಯಿರಬಹುದು. ಇದೇ ವಿಧಾನದಲ್ಲಿ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ 1795ರಿಂದ 1808ರವರೆಗೆ ಭಾರತದ 144 ದೃಶ್ಯಗಳನ್ನು ಹೊರತಂದರು. ಅವುಗಳನ್ನು ಆಧರಿಸಿ ಫ್ರಾನ್ಸಿನ ಜುಬರ್ ಕಂಪನಿ 1807ರಲ್ಲಿ ಗೋಡೆಗೆ ಅಂಟಿಸುವ ಕಾಗದವನ್ನೇ ಮಾಡಿ ಮಾರಿತು. ನಮ್ಮ ಗುಡಿ, ಗೋಪುರ, ಆಲದ ಮರಗಳು ಇನ್ನೂರು ವರ್ಷಗಳ ಹಿಂದೆಯೇ ಪರದೇಶದ ಪಡಸಾಲೆ ಸೇರಿದ್ದವು.

ಇಲ್ಲೊಂದು ಮಾತನ್ನು ನೇರವಾಗಿ ಹೇಳಬೇಕು. ಬೆಂಗಳೂರಿನ ಈ ಚಿತ್ರಗಳು ಸುಂದರವಾಗಿವೆ. ಬೆಳಕು ಹಿತವಾಗಿದೆ, ಜನ ವಿರಳವಾಗಿದ್ದಾರೆ, ಕೋಟೆ ಶಾಂತವಾಗಿದೆ. ಆದರೆ ಕುಂಚ ಹಿಡಿದವನು ಊರಿಗೆ ಮುತ್ತಿಗೆ ಹಾಕಿದ ಸೈನ್ಯದವನು. 1791ರ ಮಾರ್ಚ್ 7ರಂದು ಪೇಟೆ ಬಿತ್ತು, 21ರ ರಾತ್ರಿ ಕೋಟೆ ಬಿತ್ತು. ಎರಡರ ನಡುವೆ ಫಿರಂಗಿ ಗುಂಡುಗಳು ಗೋಡೆ ಒಡೆದವು, ಕೋಟೆಯ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಹಂಟರನ ಶಾಂತ ಬೀದಿಗಳನ್ನು ನಾವು ಆ ರಾತ್ರಿಯನ್ನು ತಿಳಿದುಕೊಂಡೇ ನೋಡಬೇಕು. ಪೇಟೆ ಬಾಗಿಲಿನ ಕಾಳಗವನ್ನು ಹೋಮ್ ಬರೆದಿದ್ದಾನೆ. ಅದರ ನಡುವಿರುವುದು ಅಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿ ಮೂರ್‌ಹೌಸ್. ಸತ್ತ ಬೆಂಗಳೂರಿನವರಿಗೆ ಚಿತ್ರದಲ್ಲಿ ಆ ಜಾಗವಿಲ್ಲ.

ಹಾಗಾದರೆ ಇಂಥ ಚಿತ್ರ ಮನೆಯಲ್ಲಿ ಬೇಡವೇ? ಬೇಕು ಎಂಬುದೇ ನನ್ನ ಅಭಿಪ್ರಾಯ. ಬೇರೆ ಯಾರೂ ನಮಗೆ ಆ ಬೆಂಗಳೂರನ್ನು ಅಷ್ಟು ವಿವರವಾಗಿ ಉಳಿಸಿಕೊಟ್ಟಿಲ್ಲ. ಆದರೆ ಅದನ್ನು ಒಂಟಿಯಾಗಿ ಹಾಕಬೇಡಿ, ಪಕ್ಕದಲ್ಲಿ ಇನ್ನೊಂದಿರಲಿ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅಲ್ಲಿ ಹೈದರ್, ಟಿಪ್ಪು ಆನೆ-ಕುದುರೆಗಳ ದಂಡಿನೊಂದಿಗೆ ಬರುತ್ತಾರೆ, ಇಂಗ್ಲಿಷ್ ದಳಪತಿ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಮದ್ದಿನ ಗಾಡಿ ಸಿಡಿಯುತ್ತಿದೆ. ಬರೆದವರು ಈ ನೆಲದ ಚಿತ್ರಗಾರರು. ಆಮೇಲೆ ಅದರ ಮೇಲೆ ಮತ್ತೆ ಮತ್ತೆ ಬಣ್ಣ ಹಚ್ಚಿದ್ದಾರೆ, ನಿಜ. ಆದರೂ ನೋಟ ನಮ್ಮ ಕಡೆಯದು. ಹೋಮ್ ಬರೆದ ಶ್ರೀರಂಗಪಟ್ಟಣವನ್ನೂ ಪೊಳ್ಳಿಲೂರಿನ ಒಂದು ತುಣುಕನ್ನೂ ಅಕ್ಕಪಕ್ಕ ಹಾಕಿದ ಗೋಡೆಯೊಂದನ್ನು ಮೈಸೂರಿನ ಸ್ನೇಹಿತರೊಬ್ಬರ ಮನೆಯಲ್ಲಿ ಕಂಡೆ. ನಾನು ಕಂಡ ಗೋಡೆಗಳಲ್ಲೆಲ್ಲ ಅದೇ ಮೇಲು.

ನಮ್ಮವರೇ ಬರೆದ ನಗರಚಿತ್ರ ಬೇಕೆನ್ನುವವರು ದೆಹಲಿಯ ಮಜ್‌ಹರ್ ಅಲಿ ಖಾನನ ಕಡೆ ನೋಡಬೇಕು. 1846ರಲ್ಲಿ ಅವನು ಕೆಂಪುಕೋಟೆಯ ಲಾಹೋರ್ ದ್ವಾರದ ನೆತ್ತಿಯಲ್ಲಿ ನಿಂತು ಸುತ್ತಲೂ ಕಂಡ ದೆಹಲಿಯನ್ನು ಸುಮಾರು ಐದು ಮೀಟರ್ ಉದ್ದಕ್ಕೆ ಬರೆದ. ಒಂದು ಕಡೆ ಕೋಟೆಯ ಒಳಗಿನ ಮಹಲುಗಳು, ತೋಟಗಳು. ಇನ್ನೊಂದು ಕಡೆ ಚಾಂದನಿ ಚೌಕ, ಜಾಮಾ ಮಸೀದಿ. ಹನ್ನೊಂದು ವರ್ಷಕ್ಕೆ 1857 ಬಂತು. ಬ್ರಿಟಿಷರು ದೆಹಲಿಯನ್ನು ಮರಳಿ ಹಿಡಿದ ಮೇಲೆ ಕೋಟೆಯೊಳಗಿನ ಬಹುಪಾಲು ಕಟ್ಟಡಗಳನ್ನು ಕೆಡವಿ ಸೈನಿಕರ ಬ್ಯಾರಕ್ ಕಟ್ಟಿದರು, ಕೋಟೆಗೂ ಮಸೀದಿಗೂ ನಡುವಿನ ವಸತಿಯನ್ನು ಬಯಲು ಮಾಡಿದರು. ಬಹಾದ್ದೂರ್ ಷಾ ಜಫರನ ಮನೆಯಂಗಳ ಹೇಗಿತ್ತು ಎಂದು ಇಂದು ತಿಳಿಯುವುದು ಆ ಉದ್ದನೆಯ ಹಾಳೆಯಿಂದ. ಮೂಲ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಉದ್ದ ಪಡಸಾಲೆಯ ಮನೆಯಿದ್ದವರಿಗೆ, ಕಾರಿಡಾರಿನ ಗೋಡೆ ಏನು ಮಾಡುವುದೆಂದು ತಿಳಿಯದವರಿಗೆ ಹೇಳಿ ಮಾಡಿಸಿದ ಚಿತ್ರ.

ಈಗ ಗೋಡೆಯ ವಿಚಾರ. ನಮ್ಮ ಅಜ್ಜನ ಮನೆಯ ಪಡಸಾಲೆಯಲ್ಲಿ ಪಟಗಳನ್ನೆಲ್ಲ ತೊಲೆಗೆ ತಾಗುವಷ್ಟು ಮೇಲೆ, ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು. ರವಿವರ್ಮನ ಲಕ್ಷ್ಮಿ, ಸರಸ್ವತಿ, ಹಿರಿಯರ ಫೋಟೊಗಳು. ಹಿಂದಿನ ಸಂದಿಯಲ್ಲಿ ಗುಬ್ಬಿಗಳು ಗೂಡು ಕಟ್ಟುತ್ತಿದ್ದವು. ದೇವರಿಗೆ, ಹಿರಿಯರಿಗೆ ಆ ಎತ್ತರ ಸರಿ. ಅವರು ನಮ್ಮನ್ನು ನೋಡಬೇಕು. ಊರಿನ ಚಿತ್ರವನ್ನು ನಾವು ನೋಡಬೇಕು. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ಸಮ. ದಿವಾನದ ಮೇಲೆ ಕೂತು ನೋಡುವುದೇ ಹೆಚ್ಚಾದರೆ ಇನ್ನೂ ಒಂದು ಗೇಣು ಇಳಿಸಬಹುದು. ಟಿ.ವಿ. ಮೇಲಿನ ಗೋಡೆಯಂತೂ ಬೇಡ. ಮುಂದೆ ಮೇಜೋ ಕಪಾಟೋ ಅಡ್ಡ ಇರಬಾರದು. ಮೂಗು ತಾಗುವಷ್ಟು ಹತ್ತಿರ ಹೋಗಲು ಜಾಗ ಬೇಕು. ಊಟದ ಮೇಜಿನ ಬದಿ, ಮೆಟ್ಟಿಲ ತಿರುವು, ಜನ ನಿಂತು ಮಾತಾಡುವ ಅಡುಗೆಮನೆ ಬಾಗಿಲ ಪಕ್ಕ, ಇವು ಒಳ್ಳೆಯ ಜಾಗಗಳು. ಅತ್ತೆ ಕಾಫಿ ಕುಡಿಯುತ್ತಾ ನಿಂತದ್ದರಿಂದಲೇ ಆ ಮಗು ಕಂಡಿತು.

ಚಿತ್ರ ಎಲ್ಲಿ ಸಿಗುತ್ತದೆ? ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2012ರಿಂದ ತನ್ನ ಚಿತ್ರಗಳನ್ನು ದೊಡ್ಡ ಅಳತೆಯಲ್ಲಿ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹಕ್ಕು ಮುಗಿದ ತನ್ನ ಕೃತಿಗಳ ಚಿತ್ರಗಳನ್ನು 2017ರಲ್ಲಿ ಯಾವ ನಿರ್ಬಂಧವೂ ಇಲ್ಲದೆ ತೆರೆದಿಟ್ಟಿತು. ಜಪಾನಿನ ಹಿರೊಶಿಗೆ ಎಂಬ ಕಲಾವಿದ ಬರೆದ ಎಡೊ ನಗರದ, ಅಂದರೆ ಇಂದಿನ ಟೋಕಿಯೊದ ದೃಶ್ಯಗಳೂ ಅಲ್ಲಿವೆ. ಭೂಕಂಪದಿಂದ ಆ ಊರು ನಲುಗಿದ ಮರುವರ್ಷ, 1856ರಲ್ಲಿ, ಅವನು ಆರಂಭಿಸಿದ ಮಾಲೆ ಅದು. ಭಾರತದ ಕಾನೂನಿನಂತೆ ಕಲಾವಿದ ಸತ್ತು 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ, ಹಾಗಾಗಿ ಇಲ್ಲಿ ಹೇಳಿದ ಯಾವ ಕಲಾವಿದನ ವಿಷಯದಲ್ಲೂ ಆ ತೊಡಕಿಲ್ಲ. ಫೋಟೊ ಕೊಡುವ ಸಂಸ್ಥೆಯ ಷರತ್ತನ್ನು ಮಾತ್ರ ಓದಿಕೊಳ್ಳಿ.

ಇಳಿಸಿಕೊಂಡದ್ದೆಲ್ಲ ಮುದ್ರಣಕ್ಕೆ ಆಗುವುದಿಲ್ಲ. ಒಂದಿಂಚಿಗೆ 300 ಚುಕ್ಕೆ ಎಂಬುದು ಒಳ್ಳೆಯ ಮುದ್ರಣದ ಲೆಕ್ಕ. ಎರಡಡಿ ಅಗಲದ ಚಿತ್ರಕ್ಕೆ 7,200 ಪಿಕ್ಸೆಲ್ ಅಗಲದ ಕಡತ ಬೇಕು. 200ಕ್ಕೆ ಇಳಿಸಿದರೆ 4,800 ಸಾಕು, ಅದಕ್ಕಿಂತ ಕೆಳಗೆ ಹೋದರೆ ಮುಖಗಳು ಕಲಸಿಹೋಗುತ್ತವೆ. ಮೂಲ ಎಷ್ಟು ದೊಡ್ಡದು ಎಂಬುದನ್ನೂ ನೋಡಿ. ವರ್ಮೀರನ 'ಪುಟ್ಟ ಬೀದಿ' ಇರುವುದೇ 54 ಸೆಂಟಿಮೀಟರ್ ಎತ್ತರ, 44 ಅಗಲ. ಅದನ್ನು ಬಾಗಿಲಷ್ಟು ಹಿಗ್ಗಿಸಿದರೆ ಆ ಹೆಂಗಸು ಹೊಲಿಗೆ ಹಿಡಿದು ಹೊಸ್ತಿಲಲ್ಲಿ ಕೂತಿರುವ ಸದ್ದಿಲ್ಲದ ನೆಮ್ಮದಿ ಹೋಗಿಬಿಡುತ್ತದೆ. ಕಲ್ಲುಕುಟಿಗರ ಅಂಗಳದ ಮೂಲ 124ಕ್ಕೆ 163 ಸೆಂಟಿಮೀಟರ್. ಅದನ್ನು ಅಂಗೈಯಗಲಕ್ಕೆ ಇಳಿಸಿದರೆ ಮಗುವೇ ಕಾಣುವುದಿಲ್ಲ. ನಮ್ಮ ಗೋಡೆಗೆ ಮೂಲದ ಅರ್ಧದಷ್ಟು ಅಳತೆ ಹೊಂದಿತು.

ಹಂಟರನ ಬೆಂಗಳೂರಿನ ಚಿತ್ರವೊಂದನ್ನು ಮೊದಲ ಸಲ ನಾನು ಮುದ್ರಿಸಿದ್ದು ಮನೆಯ ಹತ್ತಿರದ ಅಂಗಡಿಯೊಂದರಲ್ಲಿ. ಹೋಗಿ ನೋಡಿದರೆ ಬೂದು ಆಕಾಶ ನವಿಲಿನ ನೀಲಿಯಾಗಿತ್ತು. 'ಡಲ್ ಇತ್ತು ಮೇಡಂ, ಬ್ರೈಟ್ ಮಾಡಿದೀವಿ' ಎಂದರು. ಕ್ಯಾನ್ವಾಸಿನ ಅಳತೆಗೆ ಹೊಂದಿಸಲು ಕೆಳಗಿನ ಅಂಚನ್ನೂ ಕತ್ತರಿಸಿದ್ದರು. ಅದರೊಂದಿಗೆ ಊರಿನ ಹೆಸರು, ಕಲಾವಿದನ ಹೆಸರು, ಅಚ್ಚಾದ ವರ್ಷ ಎಲ್ಲ ಹೋಗಿತ್ತು. ಉಳಿದದ್ದು ಯಾವುದೋ ಊರಿನ ಯಾವುದೋ ಕೋಟೆ. ದುಡ್ಡಿಗಿಂತ ಹೆಚ್ಚು ಬೇಸರವಾದದ್ದು ಆ ಒಂದು ಸಾಲಿಗೆ. ಅಲ್ಲಿಂದ ಮುಂದೆ ನಾನು ಬಾಯಲ್ಲಿ ಹೇಳುವುದನ್ನು ಬಿಟ್ಟು ಚೀಟಿಯಲ್ಲಿ ಬರೆದುಕೊಡುತ್ತೇನೆ: ಬಣ್ಣ ಮುಟ್ಟಬಾರದು, ಅಂಚು ಕತ್ತರಿಸಬಾರದು, ಮೊದಲು ಅಂಗೈಯಗಲದ ತುಂಡೊಂದನ್ನು ಮುದ್ರಿಸಿ ತೋರಿಸಬೇಕು. ಅಚ್ಚಿನ ಚಿತ್ರಗಳಿಗೆ ಮಿರುಗುವ ಕ್ಯಾನ್ವಾಸ್ ಹೊಂದುವುದಿಲ್ಲ. ಹೊಳಪಿಲ್ಲದ ದಪ್ಪ ಹತ್ತಿ ಕಾಗದ, ಬೇಗ ಮಾಸದ ಪಿಗ್ಮೆಂಟ್ ಶಾಯಿ ಎಂದು ಕೇಳಿ ಪಡೆಯಿರಿ. ಸ್ವಲ್ಪ ದುಬಾರಿ, ಆದರೆ ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಕಟ್ಟು ಹಾಕುವವರಲ್ಲಿ ಹಳಬರನ್ನು ಹುಡುಕಿಕೊಂಡು ಹೋಗುವುದು ಒಳ್ಳೆಯದು. ದೇವರ ಪಟಕ್ಕೆ ಕಟ್ಟು ಹಾಕುತ್ತಾ ತಲೆಮಾರು ಕಳೆದವರಿಗೆ ಮರದ ಮೂಲೆ ಕೂಡಿಸುವುದು, ಗಾಜು ಕೂರಿಸುವುದು ಕರಗತ. ಅವರಿಗೆ ಹೇಳಬೇಕಾದದ್ದು ಎರಡೇ. ಚಿತ್ರ ಗಾಜಿಗೆ ನೇರ ತಾಗಬಾರದು, ನಡುವೆ ರಟ್ಟಿನ ಅಂಚು ಬೇಕು, ಆ ರಟ್ಟು ಆಮ್ಲವಿಲ್ಲದ್ದಾಗಿರಬೇಕು. ಇಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಅಂಚಿನುದ್ದಕ್ಕೂ ಕಂದು ಕಲೆ ಮೂಡುತ್ತದೆ. ಚಿತ್ರವನ್ನು ಗೋಂದಿನಿಂದ ಹಲಗೆಗೆ ಅಂಟಿಸಬಾರದು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಜಡಿಮಳೆಯ ತಿಂಗಳುಗಳಲ್ಲಿ ಗೋಡೆಯೇ ಬೆವರುತ್ತದೆ. ಕಟ್ಟಿನ ಹಿಂದಿನ ನಾಲ್ಕು ಮೂಲೆಗೆ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡುತ್ತದೆ, ಬೂಷ್ಟು ಹತ್ತಿರ ಬರುವುದಿಲ್ಲ. ಹೊರಗೋಡೆಗಿಂತ ಒಳಗೋಡೆ ಮೇಲು. ಬಿಸಿಲು ನೇರ ಬೀಳುವ ಗೋಡೆ ಎಲ್ಲೂ ಬೇಡ.

ಯಾವ ಊರನ್ನು ಆರಿಸಬೇಕು ಎಂದು ಕೆಲವರು ಕೇಳುತ್ತಾರೆ. ನಿಮಗೆ ಸಂಬಂಧವಿರುವ ಊರು. ಹುಟ್ಟಿದ್ದು, ಓದಿದ್ದು, ಮಗಳು ಕೆಲಸಕ್ಕೆ ಹೋಗಿರುವುದು, ಒಮ್ಮೆ ಹೋಗಿ ಮರೆಯಲಾಗದೆ ಬಂದದ್ದು. ಆಮ್‌ಸ್ಟರ್‌ಡ್ಯಾಮಿನಲ್ಲಿ ಮಗಳಿರುವ ದಂಪತಿಗಳ ಮನೆಯಲ್ಲಿ ಆ ಊರಿನ ಕಾಲುವೆಬೀದಿಯ ಹದಿನೇಳನೇ ಶತಮಾನದ ಚಿತ್ರವಿದೆ. ಅವಳು ಫೋನ್ ಮಾಡಿದಾಗ ಅಪ್ಪ ಚಿತ್ರದ ಮುಂದೆ ನಿಂತು "ಇವತ್ತು ಯಾವ ಕಡೆಯಿಂದ ಹೋದೆ ಪುಟ್ಟಿ?" ಎಂದು ಕೇಳುತ್ತಾರಂತೆ. ಆ ಮನೆಗೆ ಅದಕ್ಕಿಂತ ಹೊಂದುವ ಚಿತ್ರ ಬೇರೆ ಇರಲಾರದು.

ನಮ್ಮನೆಯಲ್ಲಿ ಹಂಟರನ ಬೆಂಗಳೂರು ಎರಡನೆಯ ಸಲ ಸರಿಯಾಗಿ ಅಚ್ಚಾಗಿ ಬಂತು. ಅದನ್ನು ಹಾಕಿದ ವಾರ ಮಗಳನ್ನು ಕರೆದುಕೊಂಡು ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರ ಉಳಿದಿರುವ ಕೋಟೆಯ ದೆಹಲಿ ಬಾಗಿಲಿಗೆ ಹೋದೆ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. ಅದರಲ್ಲಿ ಉಳಿದಿರುವುದು ಇಷ್ಟೇ. ಒಳಗೊಂದು ಗಣಪತಿ ಗುಡಿ, ಹೊರಗೆ ಹೂವಿನ ಗಾಡಿಗಳು, ಬಸ್ಸುಗಳ ಸದ್ದು. ಕೋಟೆ ಗೋಡೆ ಒಡೆದ ಜಾಗಕ್ಕೆ ಬ್ರಿಟಿಷರು ಹಾಕಿದ ಕಲ್ಲಿನ ಫಲಕ ಅಲ್ಲೇ ಇದೆ. ಮಗಳು ಫೋನಿನಲ್ಲಿದ್ದ ಚಿತ್ರವನ್ನೂ ಕಮಾನಿನ ಕಲ್ಲನ್ನೂ ಬಹಳ ಹೊತ್ತು ಹೋಲಿಸಿ ನೋಡಿದಳು. "ಅಮ್ಮ, ಅವನು ಎಲ್ಲಿ ನಿಂತು ಬರೆದ?" ಎಂದು ಕೇಳಿದಳು. ಇಬ್ಬರೂ ಸೇರಿ ಹಿಂದೆ ಹಿಂದೆ ನಡೆದೆವು. ರಸ್ತೆ ಅಡ್ಡ ಬಂತು, ಅಲ್ಲಿಗೇ ನಿಂತೆವು.

ಓದುಗರಲ್ಲಿ ನನ್ನದೊಂದು ಕೋರಿಕೆ ಇದೆ. ಹಳೆಯ ಊರಿನ ಚಿತ್ರಕ್ಕೆ ಕಟ್ಟು ಹಾಕಿಸುವ ಮೊದಲು ಅದರ ಹಿಂಬದಿಗೆ ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆದಿಡಿ: ಇದು ಯಾವ ಊರು, ಬರೆದವರು ಯಾರು, ಯಾವ ವರ್ಷ, ಮೂಲ ಎಲ್ಲಿದೆ. ಗೊತ್ತಿದ್ದರೆ ಅವರು ಎಲ್ಲಿ ನಿಂತು ಬರೆದರು ಎಂಬುದನ್ನೂ ಸೇರಿಸಿ. ಪೆನ್ನು ಬೇಡ, ಶಾಯಿ ಮುಂಬದಿಗೆ ಇಳಿಯುತ್ತದೆ.